ಮಿಸ್ ಒಪ್ಪಿದ್ದಾರೆ

ಸುಳ್ಳು ಹೇಳುವುದರಲ್ಲಿ ನಾನು ಅಂಥ ಗಟ್ಟಿಗನೇನಲ್ಲ. ಸುಳ್ಳಾಡಿದರೆ ನನ್ನ ಕಿವಿ ಕೆಂಪಾಗುತ್ತದೆ ಎಂದು ನಮ್ಮಮ್ಮ ಅಂಜಿನಮ್ಮ ಚಿಕ್ಕಂದಿನಿಂದ ಹೇಳುತ್ತಾ ಬಂದಿದ್ದಾಳೆ. ಹೋದ ವರ್ಷ ಗಣೇಶನ ಹಬ್ಬವಾದ ಮೇಲಿನ ಭಾನುವಾರ ಎರಡೂರಿನ ಹಿರಿಯರ ಎದುರು ನಿಂತು ನಾನೊಂದು ಸುಳ್ಳು ಹೇಳಿದೆ. ಅವತ್ತು ಕಿವಿ ಕೆಂಪಾಗಿತ್ತೋ ಏನೋ ಗೊತ್ತಿಲ್ಲ. ಆಗಿದ್ದರೂ ಬಿಸಿಲಿಗೆ ಎಂದುಕೊಂಡಿರುತ್ತಾರೆ.

ನಮ್ಮೂರು ಹೆಬ್ಬಗೋಡಿಯಿಂದ ಸ್ವಲ್ಪ ಒಳಗೆ, ಕೆರೆಯ ಪಕ್ಕದಲ್ಲಿದೆ. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಕಡೆ ಈಗ ನಮ್ಮ ಬಾಡಿಗೆ ಮನೆಗಳ ಸಾಲು. ಶಿವಶಂಕರ್ ಎಂಬ ನನ್ನ ಹೆಸರು ಆಧಾರ್ ಕಾರ್ಡಿನಲ್ಲಿ ಮಾತ್ರ ಪೂರ್ತಿಯಾಗಿದೆ. ಊರಿಗೆಲ್ಲ ನಾನು ಓನರ್ ಶಂಕರಣ್ಣ. ನಲವತ್ತೆಂಟು ವಯಸ್ಸಾದರೂ ಯುವಕರ ಸಂಘದ ಅಧ್ಯಕ್ಷ. ನಗಬೇಡಿ, ನಮ್ಮ ಕಾರ್ಯದರ್ಶಿಗೆ ಮೊಮ್ಮಗಳಿದ್ದಾಳೆ.

ಕೆರೆಯ ಆಚೆ ದಡದಲ್ಲಿ ಇನ್ನೊಂದು ಊರಿದೆ. ಅವರನ್ನು ನಾವು ಕೆರೆಯಾಚೆಯವರು ಎನ್ನುತ್ತೇವೆ, ಅವರೂ ನಮ್ಮನ್ನು ಹಾಗೇ ಅನ್ನುತ್ತಾರೆ. ಗಣೇಶನನ್ನು ಬಿಡಲು ಕೆರೆಗೆ ಇಳಿಯುವ ಮೆಟ್ಟಿಲು ಒಂದೇ. ನಮ್ಮಪ್ಪನ ಕಾಲದಲ್ಲಿ ಯಾರ ಗಣೇಶ ಮೊದಲು ಇಳಿಯಬೇಕು ಎಂದು ಜಗಳವಾಗಿ ತಲೆ ಒಡೆದುಕೊಂಡಿದ್ದರಂತೆ. ಆಮೇಲೆ ಎರಡೂರಿನ ಹಿರಿಯರು ಕೂತು ಒಂದು ಕಟ್ಟು ಮಾಡಿದರು. ಹಬ್ಬವಾದ ಮೇಲಿನ ಭಾನುವಾರ ಕಬಡ್ಡಿ ಆಡಬೇಕು. ಗೆದ್ದವರ ಗಣೇಶ ಮೊದಲು ನೀರಿಗೆ, ಬಹುಮಾನದ ಕಪ್ಪು ವರ್ಷವಿಡೀ ಅವರ ಊರಿನಲ್ಲಿ. ಇತ್ತೀಚೆಗೆ ಹುಡುಗರದ್ದೊಂದು, ದೊಡ್ಡವರದ್ದೊಂದು, ಹೆಣ್ಣುಮಕ್ಕಳದ್ದೊಂದು ಎಂದು ಮೂರು ಪಂದ್ಯ ಇಟ್ಟಿದ್ದೇವೆ. ಎರಡು ಗೆದ್ದವರು ಗೆದ್ದ ಹಾಗೆ.

ಆರು ವರ್ಷದಿಂದ ನಾವು ಗೆದ್ದಿರಲಿಲ್ಲ. ಆರು ವರ್ಷ ನಮ್ಮ ಗಣೇಶ ಕೆರೆ ಏರಿಯ ಮೇಲೆ ಟ್ರ್ಯಾಕ್ಟರಿನಲ್ಲಿ ಕೂತು, ಅವರ ಪಟಾಕಿ ಹೊಗೆ ಕುಡಿಯುತ್ತಾ ಕಾದಿದ್ದಾನೆ. ಇದು ಹೊರಗಿನವರಿಗೆ ತಮಾಷೆ. ಟ್ರ್ಯಾಕ್ಟರ್ ಪಕ್ಕದಲ್ಲಿ ನಿಂತವನಿಗೆ ಗೊತ್ತು ಅದರ ಉರಿ.

ಇನ್ನು ದಿವ್ಯಾಳ ವಿಷಯ. ನಮ್ಮ ಸಾಲಿನ ಮೂರನೇ ಮನೆಯಲ್ಲಿ ಹುಟ್ಟಿದ ಹುಡುಗಿ. ಅವಳ ಅಮ್ಮ ನಾಗಲಕ್ಷ್ಮಮ್ಮ ಹೊಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ. ಗಂಡ ಕೃಷ್ಣ ತೀರಿಕೊಂಡಾಗ ಅವಳು ಮನೆ ಬಿಡುತ್ತೇನೆ ಎಂದಿದ್ದಳು. "ಎಲ್ಲಿಗೋಗ್ತೀಯಮ್ಮ, ಇದು ನಿನ್ನ ತವರುಮನೆ ಅನ್ಕೋ" ಎಂದು ನಾನೇ ನಿಲ್ಲಿಸಿಕೊಂಡೆ. ಆ ಒಳ್ಳೆಯತನವನ್ನು ನಾನು ಬಹಳ ವರ್ಷ ನೆನಪಿಟ್ಟುಕೊಂಡಿದ್ದೆ. ಅವರೂ ನೆನಪಿಟ್ಟುಕೊಂಡಿದ್ದರು ಎನ್ನುವುದು ತಡವಾಗಿ ಗೊತ್ತಾಯಿತು.

ದಿವ್ಯಾ ನನ್ನನ್ನು ಮಾಮ ಎನ್ನುತ್ತಿದ್ದಳು. ಹತ್ತನೇ ಕ್ಲಾಸು. ಓದಿನಲ್ಲಿ ಅಷ್ಟಕ್ಕಷ್ಟೇ, ಆದರೆ ಕಬಡ್ಡಿ ಅಂಕಣಕ್ಕೆ ಇಳಿದರೆ ಎದುರಿನ ಏಳು ಜನ ಹಿಂದೆ ಹಿಂದೆ ಸರಿಯುತ್ತಿದ್ದರು. ಸಣಕಲು ಮೈ, ಉದ್ದ ಕಾಲು. ಅವಳ ಶಾಲೆಯ ತಂಡ ತಾಲ್ಲೂಕಿನಲ್ಲಿ ಗೆದ್ದಿತ್ತು. ಜಿಲ್ಲಾ ಮಟ್ಟದ ಆಟಕ್ಕೆ ಕ್ರೀಡಾ ಹಾಸ್ಟೆಲ್ಲಿಗೆ ಮಕ್ಕಳನ್ನು ಆರಿಸುವವರು ಬರುತ್ತಾರೆ, ದಿವ್ಯಾ ಖಂಡಿತ ಆಯ್ಕೆಯಾಗುತ್ತಾಳೆ ಎಂದು ಅವರ ಪಿ.ಟಿ. ಟೀಚರ್ ಆಶಾರಾಣಿ ಹೇಳುತ್ತಿದ್ದರು. ಆಯ್ಕೆಯಾದರೆ ಊಟ, ವಸತಿ, ಓದು, ಆಟ ಎಲ್ಲ ಅಲ್ಲೇ. ನಾಗಲಕ್ಷ್ಮಮ್ಮನ ಕಣ್ಣೆಲ್ಲ ಅದರ ಮೇಲೇ ಇತ್ತು.

ಈ ಆಶಾರಾಣಿ ಮೇಡಂ ಮತ್ತು ನಮ್ಮ ಭಾಗದ ಬೇರೆ ಪಿ.ಟಿ. ಮೇಷ್ಟ್ರುಗಳು ಸೇರಿ ಆ ವರ್ಷ ಒಂದು ನಿಯಮ ಮಾಡಿಕೊಂಡಿದ್ದರು. ಶಾಲೆಯ ಪಂದ್ಯಗಳು ಮುಗಿಯುವವರೆಗೆ ತಮ್ಮ ಟೀಚರ್ ಒಪ್ಪಿಗೆಯಿಲ್ಲದೆ ತಂಡದ ಮಕ್ಕಳು ಹೊರಗಿನ ಯಾವ ಕ್ಲಬ್ಬಿಗೂ, ಸಂಘಕ್ಕೂ ಆಡುವಂತಿಲ್ಲ. ಆಡಿದರೆ ತಂಡವನ್ನೇ ಕೈಬಿಡುವುದು. ಹಿಂದಿನ ವರ್ಷ ಯಾವುದೋ ಊರಿನ ಸಂಘಕ್ಕೆ ಆಡಲು ಹೋಗಿ ಒಬ್ಬ ಹುಡುಗ ಮಂಡಿ ಮುರಿದುಕೊಂಡಿದ್ದನಂತೆ. ಮೇಡಂ ಎರಡೂ ಊರಿಗೆ ಬಂದು, ನನ್ನನ್ನು ಕೇಳದೆ ನನ್ನ ಮಕ್ಕಳನ್ನ ಇಳಿಸಬೇಡಿ ಎಂದು ಕೈಮುಗಿದು ಹೋಗಿದ್ದರು. ನಾವೂ ಆಗಲಿ ಎಂದಿದ್ದೆವು. ನಿಯಮ ಪಾಲಿಸುತ್ತೇನೆ ಎಂಬ ದಿವ್ಯಾಳ ಒಪ್ಪಿಗೆ ಪತ್ರಕ್ಕೆ ನಾಗಲಕ್ಷ್ಮಮ್ಮ ಸಹಿ ಹಾಕಿದಳು. ಸಾಕ್ಷಿ ಎಂದು ಬರೆದಿದ್ದ ಜಾಗದಲ್ಲಿ ನಾನು ಹಾಕಿದೆ, ದೊಡ್ಡದಾಗಿ, ಕೆಳಗೊಂದು ಗೆರೆ ಎಳೆದು.

ಆ ಭಾನುವಾರ ಹುಡುಗರ ಪಂದ್ಯ ನಮ್ಮದಾಯಿತು, ದೊಡ್ಡವರದ್ದು ಅವರದಾಯಿತು. ಉಳಿದದ್ದು ಹೆಣ್ಣುಮಕ್ಕಳದ್ದು. ಅರ್ಧ ಆಟಕ್ಕೆ ನಾವು ನಾಲ್ಕು ಅಂಕ ಹಿಂದೆ. ಅಷ್ಟರಲ್ಲಿ ನನ್ನ ತಮ್ಮನ ಮಗಳು ಶ್ಯಾಮಲಾ, ನಮಗೆ ಇದ್ದ ಒಬ್ಬಳೇ ಒಳ್ಳೆಯ ರೈಡರ್, ಕಾಲು ಉಳುಕಿಸಿಕೊಂಡು ಕೂತುಬಿಟ್ಟಳು. ನಾನು ಸುತ್ತ ನೋಡಿದೆ. ಪೆಂಡಾಲಿನ ಹತ್ತಿರ ಅಮ್ಮನ ಪಕ್ಕ ದಿವ್ಯಾ ನಿಂತಿದ್ದಳು. ಟ್ಯೂಷನ್ನಿನಿಂದ ಹಾಗೇ ಬಂದಿದ್ದಳು.

ನಾನು ಅವಳನ್ನು ಹಿರಿಯರು ಕೂತಿದ್ದ ಕುರ್ಚಿಗಳ ಹತ್ತಿರ ಕರೆದೆ. ಕೆರೆಯಾಚೆ ಊರಿನ ಬೈರಪ್ಪನವರು ಅಲ್ಲಿದ್ದರು. ನಮ್ಮಪ್ಪನ ಜೊತೆ ಆಡಿದವರು, ಮಾತಿಗೆ ತೂಕವಿರುವ ಮನುಷ್ಯ. ಅವರು ದಿವ್ಯಾಳನ್ನು ನೋಡಿ ಕೇಳಿದರು:

"ಇದು ಇಸ್ಕೂಲ್ ಟೀಮಿನ ಉಡುಗಿ ಅಲ್ವೇನಪ್ಪ ಶಂಕ್ರ? ಆ ಮೇಡಮ್ಮು ಒಪ್ಕಂಡವ್ರಾ? ಒಪ್ಕಂಡಿದ್ರೆ ಆಡ್ಸು, ನಮ್ದೇನೂ ತಕರಾರಿಲ್ಲ. ಒಪ್ದಲೇ ಆಡ್ಸಿದ್ರೆ ಆಟ ನಮ್ದು, ಕಪ್ಪೂ ನಮ್ದು."

"ಒಂದ್ನಿಮಿಷ ಬೈರಪ್ಪಣ್ಣ, ಕೇಳೇಬಿಡ್ತೀನಿ" ಎಂದು ನಾನು ಮೊಬೈಲ್ ತೆಗೆದುಕೊಂಡು ಪೆಂಡಾಲಿನ ಹಿಂದಕ್ಕೆ ಹೋದೆ.

ಫೋನ್ ಮಾಡಿದರೆ ಮೇಡಂ ಬೇಡ ಅನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಮಾಡಲಿಲ್ಲ. ಮೊಬೈಲನ್ನು ಕಿವಿಗಿಟ್ಟುಕೊಂಡು, ಎಲ್ಲರಿಗೂ ಕೇಳುವ ಹಾಗೆ "ನಮಸ್ಕಾರ ಮೇಡಂ, ಹೂಂ ಮೇಡಂ, ಹತ್ತೇ ನಿಮಿಷ ಮೇಡಂ, ಗಾಯ ಆಗ್ದಂಗೆ ನಾನು ನೋಡ್ಕೋತೀನಿ ಮೇಡಂ" ಎಂದು ಯಾರೂ ಇಲ್ಲದ ಫೋನಿನ ಜೊತೆ ಮಾತಾಡಿದೆ. ಒಂದು ಸಲ ನಕ್ಕೆ ಕೂಡ. ವಾಪಸ್ ಬಂದು ಹೇಳಿದೆ: "ಮಿಸ್ ಒಪ್ಪಿದ್ದಾರೆ."

ದಿವ್ಯಾ ನನ್ನ ಮುಖವನ್ನೇ ನೋಡಿದಳು. "ನಿಜವಾಗ್ಲೂ ಒಪ್ಪಿದ್ರಾ ಮಾಮ?"

"ಒಪ್ಪಿದ್ರು ಕಣಮ್ಮ. ನಿಮ್ಮೂರಿಗೆ ತಾನೇ ಆಡ್ಲಿ ಬಿಡಿ ಅಂದ್ರು."

ಅವಳು ಅಮ್ಮನ ಹತ್ತಿರ ಹೋಗಿ ಏನೋ ಅಂದಳು. ನಾಗಲಕ್ಷ್ಮಮ್ಮ ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಆಮೇಲೆ ದಿವ್ಯಾ ಚಪ್ಪಲಿ ಬಿಟ್ಟು, ಶ್ಯಾಮಲಾಳ ಜರ್ಸಿ ಹಾಕಿಕೊಂಡು ಅಂಕಣಕ್ಕೆ ಇಳಿದಳು. ಮಗುವಿಗೆ ಭಯ ಎಂದುಕೊಂಡೆ ನಾನು.

ಎಂಥ ಆಟ ಆಡಿದಳು ಅಂತೀರಿ! ಮೂರನೇ ರೈಡಿನಲ್ಲಿ ಇಬ್ಬರನ್ನು ಮುಟ್ಟಿ ಬಂದಳು. ಕೊನೆಯ ನಿಮಿಷದಲ್ಲಿ ಮೂವರು ಸೊಂಟ ಹಿಡಿದು ಎಳೆಯುತ್ತಿದ್ದರೂ ಬೆರಳ ತುದಿಯಲ್ಲಿ ನಡುಗೆರೆ ಮುಟ್ಟಿದಳು. ಎರಡು ಅಂಕದಲ್ಲಿ ಗೆದ್ದೆವು. ಬೈರಪ್ಪನವರೇ ಕಪ್ಪು ಎತ್ತಿ ನನ್ನ ಕೈಗೆ ಕೊಟ್ಟರು. ಆರು ವರ್ಷದ ಮೇಲೆ ನಮ್ಮ ಗಣೇಶ ಮೊದಲು ಮೆಟ್ಟಿಲು ಇಳಿದ. ನಾನು ತಮಟೆ ಮುಂದೆ ಕುಣಿದೆ, ಅತ್ತೂಬಿಟ್ಟೆ. ಆ ಸಂಜೆ ನನಗಾದ ಸಂತೋಷ ಸುಳ್ಳು ಎಂದು ಈಗಲೂ ಹೇಳಲಾರೆ. ಅದೇ ನನ್ನನ್ನು ಹೆಚ್ಚು ಕಾಡುವುದು.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಬಹುಶಃ ಮುಚ್ಚಿಹೋಗುತ್ತಿತ್ತೋ ಏನೋ. ಆದರೆ ನಮ್ಮ ಕಡೆ ಗೆದ್ದ ಮೇಲೆ ಫ್ಲೆಕ್ಸ್ ಹಾಕಿಸದಿದ್ದರೆ ಗೆದ್ದ ಹಾಗೇ ಅಲ್ಲ. ಫ್ಲೆಕ್ಸಿನಲ್ಲಿ ಯಾರ ಮುಖ ಎಷ್ಟು ದೊಡ್ಡದಿರಬೇಕು ಎನ್ನುವುದರ ಮೇಲೆ ಅಣ್ಣ ತಮ್ಮಂದಿರು ಮಾತು ಬಿಟ್ಟಿದ್ದೂ ಇದೆ. ಮಾರನೇ ದಿನ ನಾಗಲಕ್ಷ್ಮಮ್ಮ ಕೆಲಸಕ್ಕೆ ಹೋಗುವ ಮೊದಲು ನಮ್ಮ ಬಾಗಿಲಿಗೆ ಬಂದಳು.

"ಅಣ್ಣಾ, ಫ್ಲೆಕ್ಸಲ್ಲಿ ನಮ್ಮ ಮಗು ಫೋಟೋ ಬೇಡ ಅಣ್ಣ."

"ಯಾಕಮ್ಮ? ಊರ ಮರ್ಯಾದೆ ಉಳಿಸಿದ್ದೇ ಅವ್ಳು."

"ಬೇಡ ಅಂತಾಳೆ ಅಣ್ಣ. ಅವ್ಳಿಗಿಷ್ಟ ಇಲ್ಲ."

ನಾಚಿಕೆ ಇರಬೇಕು ಎಂದುಕೊಂಡೆ. ನಾಚುವ ಮಕ್ಕಳನ್ನು ದೊಡ್ಡವರೇ ಮುಂದೆ ತರಬೇಕು ಎಂಬ ಘನವಾದ ತಿಳುವಳಿಕೆ ನನ್ನದು. ಫೋಟೋವನ್ನು ಇನ್ನೂ ದೊಡ್ಡದು ಮಾಡಿಸಿದೆ, ನನ್ನದಕ್ಕಿಂತ ದೊಡ್ಡದು. ನನ್ನ ಜೀವನದಲ್ಲೇ ಅಂಥ ತ್ಯಾಗ ಇನ್ನೊಂದಿಲ್ಲ. ಕೆಳಗೆ ಹೆಸರು, ತಾರೀಖು, 'ನಮ್ಮೂರ ಹೆಮ್ಮೆಯ ಪುತ್ರಿ' ಎಂದು ಬರೆಸಿ ಮುಖ್ಯರಸ್ತೆಯ ಬಸ್‌ ಸ್ಟಾಪಿನಲ್ಲಿ ಕಟ್ಟಿಸಿದೆ. ಎಲ್ಲ ಶಾಲೆಗಳ ಬಸ್ಸುಗಳೂ ತಿರುಗುವುದು ಅಲ್ಲೇ.

ಹದಿನೈದು ದಿನಕ್ಕೆ ಜಿಲ್ಲಾ ಮಟ್ಟದ ಆಟವಿತ್ತು. ಅದಕ್ಕೆ ಆರು ದಿನ ಮೊದಲು, ತಾಲ್ಲೂಕಿನಲ್ಲಿ ಇವರ ಕೈಯಲ್ಲಿ ಸೋತಿದ್ದ ಒಂದು ಶಾಲೆಯ ಪಿ.ಟಿ. ಮೇಷ್ಟ್ರು ದೂರು ಕೊಟ್ಟರು. ಸಾಕ್ಷಿ ಕೇಳಿದಾಗ ಮೊಬೈಲಿನಲ್ಲಿ ನನ್ನ ಫ್ಲೆಕ್ಸಿನ ಫೋಟೋ ತೋರಿಸಿದರಂತೆ. ಹೆಸರಿದೆ, ತಾರೀಖಿದೆ, ಮುಖವಿದೆ. ಇನ್ನೇನು ಬೇಕು?

ಅವತ್ತು ಸಂಜೆ ಆಶಾರಾಣಿ ಮೇಡಂ ನಮ್ಮ ಮನೆಗೆ ಬಂದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಸಾರ್, ಯಾಕೆ ಆಡ್ದೆ ಅಂತ ದಿವ್ಯಾನ ಕೇಳ್ದೆ. 'ನಾನಾಗೇ ಆಡ್ದೆ ಮಿಸ್' ಅಂತಾಳೆ. ಅದು ಬಿಟ್ರೆ ಬಾಯೇ ಬಿಡ್ತಿಲ್ಲ. ನೀವು ಕರೆದು ಆಡ್ಸಿದ್ದು ಅಂತ ಇಡೀ ಊರಿಗೇ ಗೊತ್ತು."

ನಾನು ಕುರ್ಚಿಯನ್ನು ಅವರ ಕಡೆಗೆ ಇನ್ನಷ್ಟು ಎಳೆದೆ.

"ಗುರುವಾರ ಪಿ.ಟಿ. ಟೀಚರ್‌ಗಳ ಕಮಿಟಿ ಕೂರುತ್ತೆ. ನಿಮ್ಮ ಸಂಘದಿಂದ ಒಂದು ಲೆಟರ್ ಕೊಡಿ. ಮಗುದೇನೂ ತಪ್ಪಿಲ್ಲ, ನಾನೇ ಆಡ್ಸಿದ್ದು, ಟೀಚರ್ ಒಪ್ಪಿಗೆ ಇರ್ಲಿಲ್ಲ ಅಂತ ಇದ್ದಿದ್ದನ್ನ ಇದ್ದ ಹಾಗೆ ಬರೀರಿ, ಸಾಕು. ದೊಡ್ಡೋರು ಒತ್ತಾಯ ಮಾಡಿದ್ರು ಅಂದ್ರೆ ವಾರ್ನಿಂಗ್ ಕೊಟ್ಟು ಬಿಡ್ತಾರೆ. ಅವ್ಳ ಜೊತೆ ಇನ್ನೂ ಹನ್ನೊಂದು ಮಕ್ಕಳಿದಾರೆ ಸಾರ್. ವರ್ಷವಿಡೀ ಬೆಳಿಗ್ಗೆ ಆರು ಗಂಟೆಗೆ ಬಂದು ಮಣ್ಣಲ್ಲಿ ಬಿದ್ದಿದಾರೆ."

"ಅದಕ್ಕೇನು ಮೇಡಂ, ನಾಳೆ ಬೆಳಿಗ್ಗೇನೇ ಕೊಡ್ತೀನಿ" ಎಂದೆ. ಆ ಗಳಿಗೆಯಲ್ಲಿ ಕೊಡುವ ಮನಸ್ಸೇ ಇತ್ತು, ನಂಬಿ.

ಅವರು ಹೋದ ಮೇಲೆ ಸಂಘದ ಲೆಟರ್‌ಹೆಡ್ ತೆಗೆದುಕೊಂಡು ಕೂತೆ. 'ಟೀಚರ್ ಒಪ್ಪಿಗೆ ಇರಲಿಲ್ಲ' ಎನ್ನುವಲ್ಲಿಗೆ ಬಂದಾಗ ಪೆನ್ನು ನಿಂತಿತು. ಈ ಮಾತು ಕಮಿಟಿಯಲ್ಲಿ ಓದಿದರೆ ಮೂರು ದಿನದಲ್ಲಿ ಬೈರಪ್ಪನವರ ಕಿವಿಗೆ ಬೀಳುತ್ತದೆ. ಕಪ್ಪನ್ನು ನಾನೇ ಹೊತ್ತುಕೊಂಡು ಹೋಗಿ ಕೆರೆಯಾಚೆ ಇಟ್ಟು ಬರಬೇಕು. ಅದೂ ಹೋಗಲಿ, ಪೆಂಡಾಲಿನ ಹಿಂದೆ ನಿಂತು ಖಾಲಿ ಫೋನಿನ ಜೊತೆ ಮಾತಾಡಿದ ಗಂಡಸು ಎಂದು ಎರಡೂರು ನಗುತ್ತದೆ. ನನ್ನ ಮೊಮ್ಮಕ್ಕಳ ಕಾಲಕ್ಕೂ ಆ ನಗೆ ಮುಗಿಯುವುದಿಲ್ಲ.

ಅಮ್ಮ ಒಳಗಿನಿಂದ ನೋಡುತ್ತಿದ್ದಳು. ಅವಳಿಗೆ ನಾನು ಎಲ್ಲ ಹೇಳಿಬಿಟ್ಟಿದ್ದೆ, ಅವಳಿಗೊಬ್ಬಳಿಗೇ.

"ಬರ್ದ್ಕೊಟ್ಬುಡೋ ಶಂಕ್ರ" ಎಂದಳು. "ಕಪ್ಪು ಓದ್ರೆ ಓಗ್ಲಿ. ಮುಂದಿನ್ ವರ್ಸ ಇನ್ನೊಂದ್ ಗೆಲ್ಬೋದು. ಆ ಎಣ್ಮಗೀಗೆ ಅತ್ತನೇ ಕಿಲಾಸು ಇನ್ನೊಂದ್ಸಲ ಬಂದದಾ?"

"ಅಂಗಲ್ಲಮ್ಮ, ಊರ ಮರ್ಯಾದೆ..."

"ಊರಿಗೇನ್ ಆಗಿಲ್ಲ ಬುಡು. ನಿಂದ್ ಓಗ್ತದೆ ಅಷ್ಟೇಯ."

ಮೈಯೆಲ್ಲ ಉರಿದುಹೋಯಿತು. ಹೆತ್ತ ತಾಯಿಯ ಮೇಲೆ ಕೂಗಾಡಿದೆ. ಬರೆದಿದ್ದ ಹಾಳೆಯನ್ನು ಹರಿದೆ. ಬೆಳಿಗ್ಗೆ ಎದ್ದವನೇ ಮಾಲೂರಿನಲ್ಲಿ ಹೆಂಡತಿಯ ಕಡೆಯವರ ಗೃಹಪ್ರವೇಶವಿದೆ ಎಂದು ಹೊರಟೆ. ಗೃಹಪ್ರವೇಶ ಇದ್ದದ್ದು ಶುಕ್ರವಾರ. ನಾನು ಹೊರಟಿದ್ದು ಬುಧವಾರ. ಮೇಡಂ ಏಳು ಸಲ ಫೋನ್ ಮಾಡಿದರು. ಪ್ರತಿ ಸಲವೂ ಮೊಬೈಲನ್ನು ಕೈಯಲ್ಲಿ ಹಿಡಿದು, ಅದು ಸುಮ್ಮನಾಗುವವರೆಗೂ ನೋಡುತ್ತಾ ಕೂತಿದ್ದೆ. ಚಪ್ಪರ ಕಟ್ಟುವವರ ಜೊತೆ ಸೇರಿಕೊಂಡು ಮಾವಿನೆಲೆ ಪೋಣಿಸಿದೆ. ಅಳಿಯಂದಿರು ಎಷ್ಟು ಸರಳ ಎಂದು ಹೆಂಡತಿಯ ಕಡೆಯವರು ಹೊಗಳಿದರು.

ಶನಿವಾರ ಊರಿಗೆ ಬಂದಾಗ ಎಲ್ಲ ಮುಗಿದಿತ್ತು. ತಂಡವನ್ನು ಕೈಬಿಟ್ಟಿದ್ದರು. ಒಪ್ಪಿಗೆ ಪತ್ರ ಬರೆದುಕೊಟ್ಟೂ ತಾನಾಗೇ ಆಡಿದ್ದಾಳೆ ಎಂದು ದಿವ್ಯಾ ಒಂದು ವರ್ಷ ಎಲ್ಲೂ ಆಡುವಂತಿಲ್ಲ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಗಾದೆ ಕೇಳಿದ್ದೆ. ಇಲ್ಲಿ ಎತ್ತು ಮಾಲೂರಿನಲ್ಲಿ ಹೋಳಿಗೆ ತಿನ್ನುತ್ತಿತ್ತು, ಹನ್ನೆರಡು ಮಕ್ಕಳಿಗೆ ಬರೆ ಬಿತ್ತು. ದೂರು ಕೊಟ್ಟಿದ್ದ ಶಾಲೆಯೇ ಇವರ ಬದಲಿಗೆ ಹೋಗಿ ಮೊದಲ ಸುತ್ತಿನಲ್ಲೇ ಸೋತು ಬಂತಂತೆ.

ಆಮೇಲೆ ನಾನು ನೋಡಿದ್ದು ಇಷ್ಟು. ಬೆಳಿಗ್ಗೆ ಆರಕ್ಕೆ ಮೂರನೇ ಮನೆಯ ಬಾಗಿಲು ತೆರೆಯುತ್ತಿರಲಿಲ್ಲ. ಮೊದಲು "ದಿವ್ಯಾ ಬಾರೇ" ಎಂದು ಬೀದಿಯಿಂದಲೇ ಕೂಗುತ್ತಿದ್ದ ಹುಡುಗಿಯರು ಈಗ ಆ ಬಾಗಿಲು ಬಂದಾಗ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ನಾನೂ ಆಚೆ ಬದಿಯಲ್ಲೇ ಹೋಗುತ್ತಿದ್ದೆ. ಒಂದು ದಿನ ಬೇಕರಿಯಲ್ಲಿ ಆಶಾರಾಣಿ ಮೇಡಂ ಎದುರಾದರು. ಬಯ್ಯುತ್ತಾರೆ ಎಂದು ಕಾದೆ. "ನಮಸ್ಕಾರ ಸಾರ್" ಎಂದು ಬ್ರೆಡ್ಡು ತೆಗೆದುಕೊಂಡು ಹೋದರು. ಬಯ್ದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಕಪ್ಪು ಸಂಘದ ಗಾಜಿನ ಬೀರುವಿನಲ್ಲಿತ್ತು. ಅದನ್ನು ನೋಡಬೇಕಾಗುತ್ತದೆ ಎಂದು ನಾನು ಸಂಘಕ್ಕೆ ಹೋಗುವುದನ್ನೇ ಕಡಿಮೆ ಮಾಡಿದೆ. ಎಷ್ಟೋ ಸಲ ಮೂರನೇ ಮನೆಯ ಮುಂದೆ ನಿಂತು ಬಾಗಿಲು ತಟ್ಟಬೇಕು ಎಂದುಕೊಂಡಿದ್ದೇನೆ. ಏನು ಹೇಳಲಿ? ನೀನು ನನ್ನ ಮಾತು ನಂಬಿ ಕೆಟ್ಟೆ ಮಗಳೇ, ನಾನು ನಿನಗೆ ಸುಳ್ಳು ಹೇಳಿದ್ದೆ ಎನ್ನಲೇ? ಆ ನಂಬಿಕೆಯೊಂದು ಅವಳಲ್ಲಿ ಉಳಿದುಕೊಂಡಿರಲಿ ಎಂಬ ಆಸೆ. ಆಸೆಯಲ್ಲ, ಹೇಡಿತನ.

ಜೂನ್ ತಿಂಗಳಲ್ಲಿ ನಾಗಲಕ್ಷ್ಮಮ್ಮ ಬಂದು ಮನೆ ಖಾಲಿ ಮಾಡುತ್ತೇವೆ ಎಂದಳು. ಅತ್ತಿಬೆಲೆಯಲ್ಲಿ ಕಂಪನಿಯ ಇನ್ನೊಂದು ಘಟಕವಿದೆ, ಅಲ್ಲಿಗೆ ಹಾಕಿದ್ದಾರೆ, ದಿವ್ಯಾಳಿಗೂ ಅಲ್ಲೇ ಕಾಲೇಜು ನೋಡಿದ್ದೇವೆ ಎಂದಳು. ಆಟದ ಮಾತೇ ಎತ್ತಲಿಲ್ಲ. ಕೈಮುಗಿದು, "ಇಷ್ಟ್ ವರ್ಷ ಇಟ್ಕೊಂಡಿದ್ರಿ ಅಣ್ಣ, ನಿಮ್ಮ ಋಣ ದೊಡ್ಡದು" ಎಂದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅವರು ಹೊರಡುವ ದಿನ ಬೆಳಿಗ್ಗೆ ಲೆಟರ್‌ಹೆಡ್ಡಿನಲ್ಲಿ ಎಲ್ಲ ಬರೆದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೂರನೇ ಮನೆಯ ಬಾಗಿಲಲ್ಲಿ ಟೆಂಪೋ ನಿಂತಿತ್ತು. ದಿವ್ಯಾ ಮೆಟ್ಟಿಲ ಮೇಲೆ ಕೂತು ಪಾತ್ರೆಗಳನ್ನು ಬೆಡ್‌ಶೀಟಿನಲ್ಲಿ ಹಾಕಿ ಗಂಟು ಕಟ್ಟುತ್ತಿದ್ದಳು. ಒಂದು ಗೇಣು ಉದ್ದವಾಗಿದ್ದಳು. ನಾನು ಆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಕೆಳಗಿನ ಮೆಟ್ಟಿಲ ಮೇಲೆ ಕೂತೆ.

"ದಿವ್ಯಾ, ನಿಂಗೊಂದ್ ವಿಷ್ಯ ಹೇಳ್ಬೇಕು ಕಣಮ್ಮ."

"ಹೇಳಿ ಮಾಮ."

"ಅವತ್ತು ನಿಮ್ಮ ಮಿಸ್ ಒಪ್ಪಿರ್ಲಿಲ್ಲ. ನಾನವ್ರಿಗೆ ಫೋನೇ ಮಾಡಿರ್ಲಿಲ್ಲ. ಸುಮ್ನೆ ಮಾತಾಡ್ದಂಗೆ ಮಾಡ್ದೆ. ನಿಂಗೆ ಸುಳ್ಳು ಹೇಳ್ಬಿಟ್ಟೆ."

ಅವಳು ಗಂಟನ್ನು ಎಳೆದು ಬಿಗಿ ಮಾಡಿದಳು. "ಗೊತ್ತು ಮಾಮ."

"ಗೊತ್ತಾ? ಯಾವಾಗ ಗೊತ್ತಾಯ್ತು? ಮಿಸ್ ಹೇಳಿದ್ರಾ?"

"ಅವತ್ತೇ ಗೊತ್ತಿತ್ತು. ಮಿಸ್ ಫೋನು ನನ್ನ ಹತ್ರಾನೇ ಇತ್ತು. ಹಿಂದಿನ್ ದಿನ ಪ್ರಾಕ್ಟೀಸಲ್ಲಿ ಬಿದ್ದು ಗ್ಲಾಸ್ ಒಡೆದೋಗಿತ್ತು. ಹೆಬ್ಬಗೋಡೀಲಿ ರಿಪೇರಿಗೆ ಕೊಟ್ಟಿದ್ರು. ಟ್ಯೂಷನ್ ಮುಗ್ಸಿ ಬರೋವಾಗ ಈಸ್ಕೊಂಡು ಸೋಮವಾರ ತಂದ್ಕೊಡು ಅಂದಿದ್ರು. ನೀವು ಪೆಂಡಾಲ್ ಹಿಂದೆ ಮಾತಾಡ್ತಿದ್ರಲ್ಲ, ಆವಾಗ ಅದು ನನ್ನ ಬ್ಯಾಗಲ್ಲಿತ್ತು, ಸ್ವಿಚ್ ಆಫ್ ಆಗಿ."

ನಾನು ನಕ್ಕಿದ್ದನ್ನೂ ಅವಳು ಕೇಳಿದ್ದಳು. ಎಲ್ಲ ಕೇಳಿ, ಎಲ್ಲ ತಿಳಿದು, ಚಪ್ಪಲಿ ಬಿಟ್ಟು ಅಂಕಣಕ್ಕೆ ಇಳಿದಿದ್ದಳು.

"ಮತ್ಯಾಕಮ್ಮ ಆಡ್ದೆ? ಅಲ್ಲೇ ಹೇಳ್ಬಾರ್ದಿತ್ತಾ? ಕಮಿಟಿಯವ್ರ ಮುಂದೆ ಆದ್ರೂ ಹೇಳ್ಬಾರ್ದಿತ್ತಾ?"

ದಿವ್ಯಾ ಒಳಗೆ ನೋಡಿದಳು. ನಾಗಲಕ್ಷ್ಮಮ್ಮ ಗೋಡೆಯಲ್ಲಿದ್ದ ಗಂಡನ ಫೋಟೋ ಇಳಿಸುತ್ತಿದ್ದಳು.

"ಅಮ್ಮಂಗೆ ಹೇಳ್ದೆ ಮಾಮ. ಓನರ್ ಸುಳ್ಳು ಹೇಳ್ತಿದಾರೆ ಅಂತ ಎಲ್ರೆದುರು ಹೇಳಿ ನಾವೆಲ್ಲಿಗೆ ಹೋಗೋದು, ಸುಮ್ನೆ ಆಡ್ಬಿಡು ಅಂದ್ಲು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಎದ್ದು ನಿಂತು ಗಂಟನ್ನು ಸೊಂಟಕ್ಕೆ ಏರಿಸಿಕೊಂಡಳು.

"ಇವಾಗ ಮನೆ ಖಾಲಿ ಮಾಡ್ತಿದೀವಲ್ಲ, ಅದಕ್ಕೆ ಹೇಳ್ದೆ" ಎಂದು ಟೆಂಪೋದ ಕಡೆ ನಡೆದಳು.